ಜ್ವರ ಬಿಟ್ಟಿದೆ, ಕರು ಮಾತ್ರ ಏಳುತ್ತಿಲ್ಲ. ಈ ರಕ್ತದ ಚೀಟಿ ಓದಿ ಹೇಳುವವರು ಉಂಟಾ?

ಹೊಲಿಗೆ ಅಕ್ಕ, ಪೆರ್ಡೂರು

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದಿಕೊಂಡು ಹೋಗುತ್ತಿದ್ದವಳು ನಾನು. ಇವತ್ತು ಬರೆಯಲೇಬೇಕಾಯಿತು.

ನಮ್ಮ ಮನೆ ಪೆರ್ಡೂರಿನಿಂದ ಸ್ವಲ್ಪ ಒಳಗೆ. ನಾನು ಟೈಲರ್. ಬೆಳಿಗ್ಗೆ ಹಟ್ಟಿ, ಆಮೇಲೆ ಮಿಷನ್. ಹಟ್ಟಿಯಲ್ಲಿ ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್ ದನ, ಒಂದು ಮುದಿ ಜರ್ಸಿ, ಮತ್ತೆ ಬೊಳ್ಳಿ. ಬೊಳ್ಳಿ ಅಂದರೆ ಗಂಗೆ ಅನ್ನುವ ದನದ ಕರು, ಹೆಣ್ಣು, ಮೂರು ತಿಂಗಳಾಯಿತು. ಹಣೆಯಲ್ಲಿ ಬಿಳಿ ಬೊಟ್ಟು ಉಂಟು, ಅದಕ್ಕೆ ಮಗಳು ಇಟ್ಟ ಹೆಸರು.

ಹದಿನೈದು ದಿನದ ಹಿಂದೆ ಬೊಳ್ಳಿ ಹಾಲಿಗೆ ಬರಲಿಲ್ಲ. ಕಿವಿ ಜೋತು ಬಿದ್ದಿತ್ತು, ಮುಟ್ಟಿದರೆ ಬೆಂಕಿ. ಹೆಗಲಿನ ಮುಂದೆ ಕೋಳಿಮೊಟ್ಟೆಯಷ್ಟು ದೊಡ್ಡ ಗಂಟು. ಒತ್ತಿದರೆ ಕಾಲು ಎಳೆದುಕೊಳ್ಳುತ್ತಿತ್ತು. ಮೊದಲು ಬಂದವರು ಮೂರು ದಿನ ಜ್ವರದ ಇಂಜೆಕ್ಷನ್ ಕೊಟ್ಟು ಹೋದರು. ರಾತ್ರಿ ಇಳಿಯುವುದು, ಬೆಳಿಗ್ಗೆ ಪುನಃ ಏರುವುದು. ಗಂಟು ತೋರಿಸಿದೆ. "ಪೆಟ್ಟಾಗಿರಬೇಕು" ಅಂದರು. ಅವರು ಯಾರು ಅಂತ ನಾನು ಹೇಳುವುದಿಲ್ಲ. ಹೇಳಿ ಎಂತ ಪ್ರಯೋಜನ?

ನಾಲ್ಕನೇ ದಿನ ಬೇರೆ ಡಾಕ್ಟರನ್ನು ಕರೆಸಿದೆ. ಅವರು ಗಂಟು ಮುಟ್ಟಿ ನೋಡಿದ ಕೂಡಲೇ ಕಿವಿ, ಬಾಲ ತಿರುಗಿಸಿ ಉಣುಗು (ಉಣ್ಣಿ) ಹುಡುಕಿದರು. ಸಿಕ್ಕಿತು, ಆರೇಳು. ಕಿವಿಯ ತುದಿಗೆ ಸೂಜಿ ಚುಚ್ಚಿ ಗಾಜಿನ ಮೇಲೆ ರಕ್ತ ಸವರಿಕೊಂಡರು, ಗಂಗೆಯದ್ದೂ ತಗೊಂಡರು. ಮರುದಿನ ಫೋನ್ ಬಂತು: ಕರುವಿಗೆ ಥೈಲೇರಿಯಾ, ಅಂದರೆ ಉಣುಗಿನಿಂದ ಬರುವ ರಕ್ತದ ರೋಗ; ತಾಯಿಯ ರಕ್ತದಲ್ಲಿ ಏನೂ ಕಾಣುವುದಿಲ್ಲ.

ಇಂಜೆಕ್ಷನ್ ಬುಪಾರ್ವಾಕ್ವೋನ್. 20 ಕಿಲೋಗೆ 1 ಎಂಎಲ್ ಅಂತೆ. "ಕರು ಎಷ್ಟು ತೂಗಬಹುದು ಅಕ್ಕ?" ಅಂತ ಕೇಳಿದರು. ನನ್ನ ಕುತ್ತಿಗೆಯಲ್ಲಿ ಟೇಪು ಯಾವಾಗಲೂ ಇರುತ್ತದೆ. ಎದೆಯ ಸುತ್ತು 34 ಇಂಚು, ಉದ್ದ 32. ಅವರು ಫೋನಿನಲ್ಲಿ ಲೆಕ್ಕ ಹಾಕಿ 56 ಕಿಲೋ ಅಂದರು. ಕುತ್ತಿಗೆಯ ಮಾಂಸಕ್ಕೆ ಸುಮಾರು 3 ಎಂಎಲ್ ಕೊಟ್ಟರು. ಮೂರು ದಿನ ಬಿಟ್ಟು ಇನ್ನೊಂದು.

ಜ್ವರ ಬಿಟ್ಟಿತು. ಗಂಟು ಸಣ್ಣದಾಯಿತು. ಆದರೆ ಬೊಳ್ಳಿ ಏಳುವುದಿಲ್ಲ. ಎತ್ತಿ ನಿಲ್ಲಿಸಿದರೆ ನಾಲ್ಕು ಹೆಜ್ಜೆ, ಮತ್ತೆ ಕುಸಿಯುತ್ತದೆ. ಕಣ್ಣಿನ ರೆಪ್ಪೆ ಮಡಚಿ ಒಳಗಿನ ಬಣ್ಣ ನೋಡಿದೆ. ನಂಬುತ್ತೀರೋ ಇಲ್ಲವೋ, ನೂಲಿನ ರೀಲು ಹಿಡಿದು ತಾಳೆ ಹಾಕಿದೆ. ಕ್ರೀಮ್ ಕಲರ್ ರೀಲಿಗೆ ಸರಿ ಹೊಂದಿತು. ಗಂಗೆಯದ್ದು ಒಳ್ಳೆ ಗುಲಾಬಿ.

ಮೊನ್ನೆ ಡಾಕ್ಟರು ಪುನಃ ರಕ್ತ ತೆಗೆದು ಮಂಗಳೂರಿಗೆ ಕಳಿಸಿದರು. ನಿನ್ನೆ ರಾತ್ರಿ ಚೀಟಿ ಬಂತು. ಡಾಕ್ಟರು ಕ್ಯಾಂಪಿನಲ್ಲಿದ್ದಾರೆ, ಸಂಜೆ ಬರುತ್ತೇನೆ ಅಂದಿದ್ದಾರೆ. ಸಂಜೆಯವರೆಗೆ ನನಗೆ ಸುಮ್ನೆ ಕೂರಲು ಆಗುವುದಿಲ್ಲ. ಚೀಟಿಯಲ್ಲಿ ಇದ್ದದ್ದು ಹೀಗೆ:

ಹಿಮೋಗ್ಲೋಬಿನ್ 4.6. ಪಿಸಿವಿ 14. ಕೆಂಪು ಕಣ 29 ಲಕ್ಷ. ಬಿಳಿ ಕಣ 3,800. ಪ್ಲೇಟ್‌ಲೆಟ್ 90 ಸಾವಿರ. ಒಟ್ಟು ಪ್ರೋಟೀನ್ 4.9, ಆಲ್ಬುಮಿನ್ 1.9. ಗ್ಲೂಕೋಸ್ 38. ಎಎಸ್‌ಟಿ 236. ಬಿಲಿರುಬಿನ್ 1.8. ಕ್ಯಾಲ್ಸಿಯಂ 7.9.

ನನ್ನ ಪ್ರಶ್ನೆ ಮೂರು. ರೋಗ ಹೋಗಿದ್ದರೆ ಇದು ಯಾಕೆ ಹೀಗೆ? ಕಬ್ಬಿಣದ ಟಾನಿಕ್ ಕೊಟ್ಟರೆ ರಕ್ತ ಬರುತ್ತದಾ? ಮತ್ತೆ, ಭೇದಿ ಆದೀತು ಅಂತ ಪಕ್ಕದ ಮನೆಯವರು ಹೇಳಿದ್ದಕ್ಕೆ ಐದು ದಿನದಿಂದ ಹಾಲು ಬಿಡಿಸಿ ಗಂಜಿ ತಿಳಿ ಕೊಡುತ್ತಿದ್ದೇನೆ. ಅದು ಸರಿಯಾ?

---

ಕಿನ್ನಿಗೋಳಿಯವ

ಅಕ್ಕ, ಉಳಿದದ್ದು ಬಲ್ಲವರು ಹೇಳಲಿ. ಹಾಲು ಮಾತ್ರ ಈಗಲೇ ಶುರು ಮಾಡಿ. ನಾನು ಇದೇ ತಪ್ಪು ಮಾಡಿ ಒಂದು ಕರು ಕಳಕೊಂಡವ.

ಎರಡು ವರ್ಷದ ಹಿಂದೆ, ಆಟಿ ತಿಂಗಳು. ಇದೇ ರೋಗ, ಇದೇ ಇಂಜೆಕ್ಷನ್. ಜ್ವರ ಬಿಟ್ಟಿತು ಅಂತ ನಾನು ನೆಮ್ಮದಿಯಾಗಿ ಗದ್ದೆಗೆ ಹೋದೆ. ಮನೆಯಲ್ಲಿ ಅಮ್ಮ ಗಂಜಿ ತಿಳಿ ಕುಡಿಸುತ್ತಿದ್ದರು. ಜ್ವರ ಬಿಟ್ಟ ಐದನೇ ದಿನ ಬೆಳಿಗ್ಗೆ ನೋಡುವಾಗ ಕರು ಮಗ್ಗುಲಾಗಿ ಬಿದ್ದಿತ್ತು, ಕಾಲು ತಣ್ಣಗೆ. ಆಮೇಲೆ ಡಾಕ್ಟರು ಹೇಳಿದ್ದು: "ರೋಗದಿಂದ ಅಲ್ಲ ಮಾರಾಯ, ಹಸಿವಿನಿಂದ ಹೋಗಿದೆ." ಆ ಮಾತು ಈಗಲೂ ಕಿವಿಯಲ್ಲಿ ಉಂಟು.

ಸೆಗಣಿಯ ಬಣ್ಣ ಹೇಗೆ? ಡಾಂಬರಿನ ಹಾಗೆ ಕಪ್ಪು ಉಂಟಾ? ಮೂತ್ರ ಕೆಂಪಾ?

---

ಹೊಲಿಗೆ ಅಕ್ಕ, ಪೆರ್ಡೂರು

ಮೂತ್ರ ಹಳದಿ ಅಷ್ಟೆ, ಕೆಂಪಿಲ್ಲ. ಸೆಗಣಿ ಎರಡು ದಿನ ಕಪ್ಪಿತ್ತು, ಈಗ ಇಲ್ಲ. ನಿಮ್ಮದು ಓದಿ ಕೈ ನಡುಗಿತು. ಹಾಲು ಬಿಸಿಗೆ ಇಟ್ಟು ಬಂದು ಬರೆಯುತ್ತಿದ್ದೇನೆ.

---

ರಿಟೈರ್ಡ್ ದನದ ಡಾಕ್ಟರ್, ಮಂಗಳೂರು

ಅಮ್ಮಾ, ಹೆದರಬೇಡಿ. ಆದರೆ ಸಂಜೆಯವರೆಗೆ ಕಾಯುವಾಗ ಸುಮ್ಮನೆ ಕೂರಲೂ ಬೇಡಿ. ಮೊದಲು ಹಾಲಿನ ವಿಷಯ, ಆಮೇಲೆ ಚೀಟಿ.

ಹಾಲು ಕುಡಿಯುತ್ತಾ ಇದ್ದ ಮೂರು ತಿಂಗಳ ಕರುವಿಗೆ ಹಾಲೇ ಮುಖ್ಯ ಶಕ್ತಿ. ಕಾಯಿಲೆ ಬಿದ್ದ ಕರು ಬರೀ ಹಿಂಡಿ ಹುಲ್ಲು ತಿಂದು ಸುಧಾರಿಸುವುದು ಕಷ್ಟ. ಗಂಜಿ ತಿಳಿಯಲ್ಲಿ ಎಂತ ಉಂಟು? ನೀರು, ಒಂದಿಷ್ಟು ಗಂಜಿಯ ಹಿಟ್ಟು. ಹಾಲು ಮೈ ಬೆಚ್ಚಗೆ ಇರುವಷ್ಟು ಬಿಸಿ ಮಾಡಿ, ಒಂದೊಂದು ಲೀಟರಿನ ಹಾಗೆ ದಿನಕ್ಕೆ ಐದು ಸಲ ಕೊಡಿ. ಒಮ್ಮೆಗೇ ಮೂರು ಲೀಟರ್ ಬೇಡ. ಕರುವನ್ನು ಎದೆಯ ಮೇಲೆ ಕೂರಿಸಿ, ಎರಡು ಕಡೆ ಹುಲ್ಲಿನ ಕಟ್ಟು ಆನಿಸಿ. ಅದು ಚೀಪಿದರೆ ಮಾತ್ರ ಬಾಟಲಿ. ಮಗ್ಗುಲಾಗಿ ಮಲಗಿದ ಕರುವಿನ ಬಾಯಿಗೆ ಹೊಯ್ಯಲೇಬೇಡಿ, ಶ್ವಾಸಕೋಶಕ್ಕೆ ಹೋದರೆ ಮುಗಿಯಿತು.

ಈಗ ಚೀಟಿ.

ಪಿಸಿವಿ ಅಂದರೆ ಇಷ್ಟೆ: ಸಪೂರ ಗಾಜಿನ ಕೊಳವೆಯಲ್ಲಿ ರಕ್ತ ತುಂಬಿ ಗರಗರ ತಿರುಗಿಸಿದರೆ ಕೆಂಪು ಕಣ ಕೆಳಗೆ ಕೂರುತ್ತದೆ, ಹಳದಿ ನೀರು ಮೇಲೆ ನಿಲ್ಲುತ್ತದೆ. ನೂರು ಪಾಲಿನಲ್ಲಿ ಕೆಂಪು ಎಷ್ಟು ಅಂತ ಲೆಕ್ಕ. ದನಗಳಲ್ಲಿ 24ರಿಂದ 46 ಇರಬೇಕು. ನಿಮ್ಮದು 14. ಹಿಮೋಗ್ಲೋಬಿನ್ 8ಕ್ಕಿಂತ ಮೇಲೆ ಇರಬೇಕು, ನಿಮ್ಮದು 4.6. ಅಂದರೆ ಮೈಗೆ ಗಾಳಿ ಹೊರುವ ಗಾಡಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿವೆ. ನಾಲ್ಕು ಹೆಜ್ಜೆಗೆ ಕುಸಿಯುವುದು ಅದಕ್ಕೇ. ಕಾಲಿಗೆ ಏನೂ ಆಗಿಲ್ಲ.

ಹೇಗೆ ಹೋದವು ಅಂತ ಕೇಳುತ್ತೀರಿ. ಥೈಲೇರಿಯಾ ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ಉಣುಗಿನ ಜೊಲ್ಲಿನಿಂದ ಒಳಗೆ ಬಂದ ಪರೋಪಜೀವಿ ಮೊದಲು ಬಿಳಿ ಕಣಗಳಿಗೆ ಹೊಕ್ಕು, ಅವು ಲಗಾಮಿಲ್ಲದೆ ಒಡೆದು ಒಡೆದು ಹೆಚ್ಚುವ ಹಾಗೆ ಮಾಡುತ್ತದೆ. ಕ್ಯಾನ್ಸರಿನ ಹಾಗೆಯೇ. ನೀವು ನೋಡಿದ ಗಂಟು ಅದೇ. ಆ ಜಾಗದಲ್ಲಿ ಉಣುಗು ಕಚ್ಚಿದ ಕಡೆಯ ಲಿಂಫ್ ಗ್ರಂಥಿ ಊದಿಕೊಂಡಿದೆ, ಪೆಟ್ಟಲ್ಲ. ಅಲ್ಲಿಂದ ಹೊರಬಿದ್ದದ್ದು ಎರಡನೇ ಹಂತದಲ್ಲಿ ಕೆಂಪು ಕಣಕ್ಕೆ ಹೋಗುತ್ತದೆ. ಹೊಕ್ಕ ಕಣವನ್ನು ಗುಲ್ಮ (ಸ್ಪ್ಲೀನ್) ಹಿಡಿದು ನುಂಗುತ್ತದೆ. ಪರೋಪಜೀವಿ ಹೊಗದ ಒಳ್ಳೆ ಕಣಗಳನ್ನೂ ಎಷ್ಟೋ ನುಂಗುತ್ತದೆ. ಅದೇ ಹೊತ್ತಿಗೆ ಹೊಸ ಕಣ ಮಾಡಬೇಕಾದ ಮೂಳೆಯ ಮಜ್ಜೆಯೂ ಸೋತಿರುತ್ತದೆ. ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲ ಒಟ್ಟಿಗೆ ಇಳಿದದ್ದು ಅದರ ಗುರುತು.

ಕಣ ಒಡೆಯುವುದು ಹೆಚ್ಚಾಗಿ ಗುಲ್ಮದ ಒಳಗೆ. ಅದಕ್ಕೇ ಮೂತ್ರ ಕೆಂಪಾಗಲಿಲ್ಲ. ಉಣುಗಿನಿಂದಲೇ ಬರುವ ಇನ್ನೊಂದು ರೋಗ ಬಬೇಸಿಯಾ ಆಗಿದ್ದರೆ ಕಣ ರಕ್ತದ ದಾರಿಯಲ್ಲೇ ಒಡೆದು ಮೂತ್ರ ಕಾಫಿ ಬಣ್ಣಕ್ಕೆ ಬರುತ್ತಿತ್ತು. ಕಿನ್ನಿಗೋಳಿಯವರು ಕೇಳಿದ್ದು ಸರಿಯಾದ ಪ್ರಶ್ನೆ. ಒಡೆದ ಕಣದಿಂದ ಬಂದ ಹಳದಿಯೇ ಬಿಲಿರುಬಿನ್. 0.5ಕ್ಕಿಂತ ಕಡಿಮೆ ಇರಬೇಕಾದದ್ದು 1.8 ಆಗಿದೆ. ರೆಪ್ಪೆಯ ಬಣ್ಣ ಕ್ರೀಮ್ ರೀಲಿಗೆ ಹೊಂದಿತು ಅಂದಿರಲ್ಲ, ಆ ಹಳದಿ ಛಾಯೆ ಅಲ್ಲಿಂದ. ನನ್ನ ಮೂವತ್ತು ವರ್ಷದ ಸರ್ವಿಸಿನಲ್ಲಿ ಇಷ್ಟು ಚಂದ ಯಾರೂ ಹೇಳಿರಲಿಲ್ಲ. ಆಡು ಕುರಿಗಳಿಗೆ ದಕ್ಷಿಣ ಆಫ್ರಿಕಾದಲ್ಲಿ ಫಮಾಚಾ ಅಂತ ಒಂದು ಬಣ್ಣದ ಕಾರ್ಡು ಮಾಡಿದ್ದಾರೆ, ಕಣ್ಣಿನ ರೆಪ್ಪೆಗೆ ಹಿಡಿದು ರಕ್ತ ಎಷ್ಟು ಕಡಿಮೆ ಅಂತ ಅಂದಾಜು ಮಾಡಲಿಕ್ಕೆ. ನೀವು ಅದನ್ನೇ ರೀಲಿನಲ್ಲಿ ಮಾಡಿದ್ದೀರಿ. ಆ ರೀಲುಗಳನ್ನು ತೆಗೆದಿಡಿ, ದಿನಾ ಹಗಲು ಬೆಳಕಿನಲ್ಲಿ ನೋಡಿ.

ಇನ್ನು ಪ್ರೋಟೀನ್. ರಕ್ತದ ಮುಖ್ಯ ಪ್ರೋಟೀನ್ ಆಲ್ಬುಮಿನ್. ಅದನ್ನು ಮಾಡುವುದು ಪಿತ್ತಕೋಶದ ಪಕ್ಕದ ದೊಡ್ಡ ಅಂಗ, ಅಂದರೆ ಲಿವರ್. ಈ ರೋಗದಲ್ಲಿ ಲಿವರಿಗೂ ಪೆಟ್ಟು ಬೀಳುತ್ತದೆ. ಎಎಸ್‌ಟಿ ಅನ್ನುವ ಕಿಣ್ವ ರಕ್ತದಲ್ಲಿ ಏರಿದ್ದು ಅದನ್ನು ಹೇಳುತ್ತದೆ. ಮಲಗಿದಲ್ಲೇ ಇರುವ ಕರುವಿನ ಮಾಂಸಖಂಡದಿಂದಲೂ ಎಎಸ್‌ಟಿ ಸ್ವಲ್ಪ ಬರುತ್ತದೆ, ಅದೊಂದೇ ನೋಡಿ ತೀರ್ಮಾನ ಮಾಡಬಾರದು. ಸೆಗಣಿ ಕಪ್ಪಾಗಿತ್ತು ಅಂದಿರಿ. ನಾಲ್ಕನೇ ಹೊಟ್ಟೆಯ ಗೋಡೆಯಲ್ಲಿ ಸಣ್ಣ ಸಣ್ಣ ಹುಣ್ಣಾಗಿ ರಕ್ತ ಸೋರಿದಾಗ ಹಾಗೆ ಬರುತ್ತದೆ. ಪ್ರೋಟೀನ್ ಅಲ್ಲಿಂದಲೂ ಹೋಗಿದೆ. ಆಲ್ಬುಮಿನ್ ಇಳಿದರೆ ಕ್ಯಾಲ್ಸಿಯಂ ಲೆಕ್ಕವೂ ಇಳಿದು ಕಾಣುತ್ತದೆ, ಯಾಕೆಂದರೆ ರಕ್ತದ ಕ್ಯಾಲ್ಸಿಯಂನಲ್ಲಿ ಒಂದು ಪಾಲು ಅದರ ಬೆನ್ನು ಹತ್ತಿಯೇ ತಿರುಗುವುದು. ಅದಕ್ಕೆ ಬೇರೆ ಬಾಟಲಿ ಏರಿಸುವ ಗಡಿಬಿಡಿ ಬೇಡ.

ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಗ್ಲೂಕೋಸ್ 38. ಹಾಲು ಕುಡಿಯುವ ಕರುವಿನಲ್ಲಿ ಅದು 70ರ ಮೇಲೆ ಇರಬೇಕು. ಜ್ವರ ಸುಟ್ಟಿತು, ಲಿವರ್ ಕೂಡಿಟ್ಟದ್ದು ಖಾಲಿ ಆಯಿತು, ಮೇಲಿಂದ ನೀವು ಹಾಲು ನಿಲ್ಲಿಸಿದಿರಿ. ಔಷಧಿ ಹುಳವನ್ನು, ಅಂದರೆ ಆ ಪರೋಪಜೀವಿಯನ್ನು, ಕೊಲ್ಲುತ್ತದೆ ಅಮ್ಮಾ, ಆದರೆ ಅದು ಹಾಳು ಮಾಡಿ ಹೋದದ್ದನ್ನು ತುಂಬಿಸುವುದಿಲ್ಲ. ತುಂಬಿಸಬೇಕಾದದ್ದು ನೀವು ಮತ್ತು ಬೊಳ್ಳಿಯ ಮೂಳೆ. ಅದಕ್ಕೆ ವಾರಗಟ್ಟಲೆ ಬೇಕು.

ಕಬ್ಬಿಣ: ಒಡೆದ ಕಣದ ಕಬ್ಬಿಣ ಮೈಯೊಳಗೇ ಉಳಿದಿದೆ, ಹೊರಗೆ ಹೋಗಿಲ್ಲ. ಆದ್ದರಿಂದ ಟಾನಿಕ್ಕೇ ರಕ್ತ ಮಾಡುತ್ತದೆ ಅಂತ ತಿಳಿಯಬೇಡಿ. ಆದರೂ ಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ, ಸ್ವಲ್ಪ ರಕ್ತ ಸೆಗಣಿಯಲ್ಲೂ ಹೋಗಿದೆ. ನಿಮ್ಮ ಡಾಕ್ಟರು ಬರೆದರೆ ಕೊಡಿ, ನಾನು ಬೇಡ ಅನ್ನುವುದಿಲ್ಲ.

ರಕ್ತ ಏರಿಸುವ ಮಾತು ಅವರು ಎತ್ತಬಹುದು. 14 ಅಂದರೆ ಅಂಚು. ಎದೆಬಡಿತ ನಿಮಿಷಕ್ಕೆ 130 ದಾಟಿದ್ದರೆ, ಉಸಿರು ದೊಡ್ಡದಾಗಿದ್ದರೆ ಅವರಿಗೆ ಸಂಜೆಯವರೆಗೆ ಕಾಯದೆ ಫೋನ್ ಮಾಡಿ. ಅವರು ಸಿಗದಿದ್ದರೆ 1962ಕ್ಕೆ ಕರೆ ಮಾಡಿ, ಪಶು ಸಂಜೀವಿನಿ ಗಾಡಿ ಬರುತ್ತದೆ.

---

ಮೈಕ್ರೋಸ್ಕೋಪ್ ಮಾಣಿ

ಡಾಕ್ಟ್ರು ಹೇಳಿದ್ದಕ್ಕೆ ನಾನು ಎದುರು ಹೇಳುವುದಲ್ಲ. ಲ್ಯಾಬಿನಲ್ಲಿ ಕೆಲಸ ಮಾಡುವವ, ಒಂದು ಸಂಶಯ ಉಂಟು. ಅಕ್ಕ, ಮೊನ್ನೆ ರಕ್ತ ತುಂಬಿದ ಟ್ಯೂಬಿನ ಮುಚ್ಚಳ ಯಾವ ಬಣ್ಣ? ಮಂಗಳೂರಿಗೆ ಮುಟ್ಟುವಾಗ ಎಷ್ಟು ಹೊತ್ತಾಗಿತ್ತು?

---

ಹೊಲಿಗೆ ಅಕ್ಕ, ಪೆರ್ಡೂರು

ಬಣ್ಣ ಕೇಳಿದರೆ ನಾನು ತಪ್ಪುವುದಿಲ್ಲ. ಒಂದು ನೇರಳೆ, ಒಂದು ಕೆಂಪು. ಮಗ ಬೈಕಿನಲ್ಲಿ ಉಡುಪಿಗೆ ಹೋಗಿ, ಅಲ್ಲಿಂದ ಬಸ್ಸು ಹತ್ತಿದ. ಹೆದ್ದಾರಿಯಲ್ಲಿ ಬ್ಲಾಕ್ ಬೇರೆ. ನಾಲ್ಕು ಗಂಟೆ ಆಗಿರಬೇಕು.

---

ಮೈಕ್ರೋಸ್ಕೋಪ್ ಮಾಣಿ

ಹಾಗಾದರೆ 38ನ್ನು ಪೂರ್ತಿ ನಂಬಬೇಡಿ. ಟ್ಯೂಬಿನೊಳಗೂ ರಕ್ತದ ಕಣಗಳಿಗೆ ಹಸಿವಾಗುತ್ತದೆ. ಸಕ್ಕರೆ ತಿನ್ನುತ್ತಾ ಇರುತ್ತವೆ. ಗ್ಲೂಕೋಸಿಗೆ ಬೂದು ಮುಚ್ಚಳದ ಟ್ಯೂಬು ಬೇಕು, ಅದರಲ್ಲಿ ಫ್ಲೋರೈಡ್ ಇರುತ್ತದೆ, ಕಣಗಳು ತಿನ್ನುವುದನ್ನು ನಿಲ್ಲಿಸುತ್ತದೆ. ಕೆಂಪು ಮುಚ್ಚಳದ್ದು ನಾಲ್ಕು ಗಂಟೆ ಬಿಸಿಲಿನಲ್ಲಿ ಬಸ್ಸು ಸವಾರಿ ಮಾಡಿದರೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಕುಲುಕಿ ಕುಲುಕಿ ಕಣ ಒಡೆದರೆ ಎಎಸ್‌ಟಿ ನಿಜಕ್ಕಿಂತ ಜಾಸ್ತಿ ಕೂಡ ತೋರಿಸುತ್ತದೆ. ಮುಂದಿನ ಸಲ ಬೂದು ಕೇಳಿ, ಐಸ್ ಪ್ಯಾಕಿನ ಡಬ್ಬಿಯಲ್ಲಿ ಕಳಿಸಿ. ಟ್ಯೂಬು ನೇರ ಐಸಿಗೆ ತಾಗಬಾರದು, ನಡುವೆ ಬಟ್ಟೆ ಇರಲಿ. ಬಟ್ಟೆಗೆ ನಿಮ್ಮಲ್ಲಿ ಬರ ಇಲ್ಲ ಅಲ್ವಾ.

ಇನ್ನೊಂದು ಮಾತು. ಜ್ವರ ಬಂದ ಮೊದಲ ದಿನವೇ ಕಿವಿಯ ರಕ್ತ ನೋಡಿದ್ದರೂ ಏನೂ ಕಾಣದೆ ಇರುವ ಸಂಭವ ಉಂಟು. ಕೆಂಪು ಕಣದಲ್ಲಿ ಅದು ತಡವಾಗಿ ಬರುವುದು. ಶುರುವಿಗೆ ಸಿಗುವುದು ಗಂಟಿನಲ್ಲಿ. ಸೂಜಿ ಹಾಕಿ ಎಳೆದು ಜೀಮ್ಸಾ ಬಣ್ಣ ಹಾಕಿದರೆ ಬಿಳಿ ಕಣದ ಒಳಗೆ ನೀಲಿ ಚುಕ್ಕೆಗಳ ಗೊಂಚಲು ಕಾಣುತ್ತದೆ. ಕಾಕ್ ಅಂತ ವಿಜ್ಞಾನಿಯ ಹೆಸರಿನಲ್ಲಿ ಅದನ್ನು ಕಾಕ್‌ನ ನೀಲಿ ಕಾಯ ಅನ್ನುತ್ತಾರೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ, ಕಪ್ಪು ಬಟ್ಟೆಗೆ ನೀಲಿ ಮಣಿ ಹೊಲಿದ ಹಾಗೆ. ಹಾಗಾಗಿ ಸ್ಮಿಯರಿನಲ್ಲಿ, ಅಂದರೆ ಗಾಜಿಗೆ ಸವರಿದ ರಕ್ತದಲ್ಲಿ, ಇಲ್ಲ ಅಂದ ಕೂಡಲೇ ರೋಗ ಇಲ್ಲ ಅಂತ ಅಲ್ಲ. ಗಂಟು ಇದ್ದರೆ ಗಂಟನ್ನೇ ನೋಡಲಿಕ್ಕೆ ಹೇಳಿ.

---

ರಿಟೈರ್ಡ್ ದನದ ಡಾಕ್ಟರ್, ಮಂಗಳೂರು

ಮಾಣಿ ಹೇಳಿದ್ದು ಸರಿ. ಟ್ಯೂಬಿನ ಬಣ್ಣ ಕೇಳುವುದು ನನಗೆ ಹೊಳೆಯಲಿಲ್ಲ. 38 ಇರಲಿ, 50 ಇರಲಿ, ಐದು ದಿನ ಗಂಜಿ ತಿಳಿಯಲ್ಲಿ ಇದ್ದ ಕರುವಿಗೆ ಹಾಲು ಬೇಕೇ ಬೇಕು.

---

ಬಾರಕೂರು ಗದ್ದೆ

ನೀವೆಲ್ಲ ಇಷ್ಟು ಉದ್ದ ಬರೆಯುವ ಬದಲು ಮಲೆನಾಡು ಗಿಡ್ಡ ಸಾಕಿ ಅಂದರೆ ಮುಗಿಯಿತು. ನಮ್ಮ ಅಜ್ಜನ ಕಾಲದಲ್ಲಿ ಹಟ್ಟಿ ತುಂಬ ದನ, ಮೈ ತುಂಬ ಉಣ್ಣಿ, ಒಂದಕ್ಕೂ ಈ ಹೆಸರಿನ ರೋಗ ಬಂದದ್ದು ಇಲ್ಲ. ಉಣ್ಣಿಗೆ ಹೊಗೆಸೊಪ್ಪು ಕುದಿಸಿ ಆ ನೀರು ಮೈಗೆ ಹಚ್ಚಿ. ಒಂದೇ ದಿನದಲ್ಲಿ ಉದುರುತ್ತದೆ.

---

ರಿಟೈರ್ಡ್ ದನದ ಡಾಕ್ಟರ್, ಮಂಗಳೂರು

ಬಾರಕೂರಿನವರೇ, ಅರ್ಧ ಒಪ್ಪುತ್ತೇನೆ. ಊರ ದನಗಳಿಗೆ ಈ ಸೋಂಕು ತಗಲುವುದಿಲ್ಲ ಅಂತ ಅಲ್ಲ. ತಗಲುತ್ತದೆ, ಆದರೆ ಅವು ತಡೆದುಕೊಳ್ಳುತ್ತವೆ. ಹೊರಗಿನ ತಳಿಯ ರಕ್ತ ಜಾಸ್ತಿ ಇದ್ದಷ್ಟು ಪೆಟ್ಟು ಜಾಸ್ತಿ. ಆದರೆ ಸೊಸೈಟಿಗೆ ಹಾಲು ಹಾಕಿ ಮನೆ ನಡೆಸುವವರಿಗೆ "ಗಿಡ್ಡ ಸಾಕಿ" ಅಂತ ಹೇಳುವುದು ಸುಲಭ.

ಹೊಗೆಸೊಪ್ಪು ಮಾತ್ರ ಖಂಡಿತ ಬೇಡ. ನಿಕೋಟಿನ್ ಚರ್ಮದಿಂದಲೂ ಒಳಗೆ ಹೋಗುತ್ತದೆ, ತಾಯಿ ನೆಕ್ಕಿದರೆ ಅವಳಿಗೂ ವಿಷ. ನಿಂತ ಕರುವೇ ಬಿದ್ದದ್ದು ನೋಡಿದ್ದೇನೆ, ಇದು ಬಿದ್ದ ಕರು. ಉಣುಗಿನ ಔಷಧಿಯನ್ನೂ ಈಗ ಇದರ ಮೈಗೆ ಹಾಕಬೇಡಿ. ಕೈಯಲ್ಲಿ ಹೆಕ್ಕಿ. ಹೆಕ್ಕಿದ್ದನ್ನು ಅಲ್ಲೇ ಜಜ್ಜದೆ ಸಾಬೂನು ನೀರಿಗೆ ಹಾಕಿ.

ದಿನಾ ಹೆಕ್ಕುವುದರಲ್ಲಿ ಒಂದು ಲಾಭ ಉಂಟು. ಉಣುಗು ಕಚ್ಚಿದ ಕೂಡಲೇ ಥೈಲೇರಿಯಾ ದಾಟುವುದಿಲ್ಲ. ಅದು ರಕ್ತ ಹೀರಲು ಶುರು ಮಾಡಿದ ಮೇಲೆ ಅದರ ಜೊಲ್ಲಿನ ಗ್ರಂಥಿಯಲ್ಲಿ ಹುಳ ಬಲಿಯಲಿಕ್ಕೆ ಎರಡು ಮೂರು ದಿನ ಬೇಕು. ವಾರಕ್ಕೊಮ್ಮೆ ನೋಡುವವನಿಗೂ ದಿನಾ ನೋಡುವವನಿಗೂ ವ್ಯತ್ಯಾಸ ಇರುವುದು ಅಲ್ಲೇ.

ಉಣುಗಿನಿಂದ ರೋಗ ಅಂತ ಮೊದಲು ಗೊತ್ತಾದದ್ದೇ ದನಗಳಲ್ಲಿ, ಗೊತ್ತಾ? 1893ರಲ್ಲಿ ಅಮೆರಿಕದಲ್ಲಿ ಸ್ಮಿತ್ ಮತ್ತು ಕಿಲ್‌ಬೋರ್ನ್ ದನಗಳ ಟೆಕ್ಸಾಸ್ ಜ್ವರ, ಅಂದರೆ ಬಬೇಸಿಯಾ, ಉಣುಗಿನಿಂದ ಹರಡುವುದನ್ನು ತೋರಿಸಿಕೊಟ್ಟರು. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯೊಳಗೆ ಮಲೇರಿಯಾ ಕಂಡದ್ದು ಅದಾದ ಮೇಲೆ, 1897ರಲ್ಲಿ. ದನದ ಡಾಕ್ಟರು ಅಂತ ಹಗುರ ಮಾಡುವವರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ.

---

ಹೊಲಿಗೆ ಅಕ್ಕ, ಪೆರ್ಡೂರು

ಮರುದಿನ ಬೆಳಿಗ್ಗೆ ಬರೆಯುತ್ತಿದ್ದೇನೆ. ನಿದ್ದೆ ಇಲ್ಲ, ತಪ್ಪಿದ್ದರೆ ಹೊಂದಿಸಿಕೊಳ್ಳಿ.

ಮಧ್ಯಾಹ್ನ ಎದೆಗೆ ಕೈ ಇಟ್ಟು ಮಗಳು ಎಣಿಸಿದಳು, 142. ಡಾಕ್ಟರಿಗೆ ಫೋನ್ ಮಾಡಿದೆ. ಕ್ಯಾಂಪು ಬಿಟ್ಟು ಮೂರು ಗಂಟೆಗೆ ಬಂದರು. ಚೀಟಿ ನೋಡಿ, "ರಕ್ತ ಕೊಡುವ" ಅಂದರು. ಯಾರದ್ದು ಅಂತ ನಾನು ಬಾಯಿ ಬಿಟ್ಟೆ. "ತಾಯಿದೇ, ಮತ್ಯಾರದ್ದು? ಸ್ಮಿಯರ್ ನೋಡಿ ಆಗಿದೆ" ಅಂದರು. ದನಗಳಲ್ಲಿ ಮೊದಲನೇ ಸಲಕ್ಕೆ ಸಾಧಾರಣ ತೊಂದರೆ ಆಗುವುದಿಲ್ಲವಂತೆ. ಒಂದು ವಾರ ಕಳೆದ ಮೇಲೆ ಎರಡನೇ ಸಲ ಕೊಡುವುದಾದರೆ ಮಾತ್ರ ಭಾರಿ ಜಾಗ್ರತೆ ಬೇಕಂತೆ.

ಗಂಗೆಯ ಕುತ್ತಿಗೆಗೆ ಹಗ್ಗ ಬಿಗಿದಾಗ ನರ ಹೆಬ್ಬೆರಳಿನಷ್ಟು ದಪ್ಪ ಎದ್ದು ಬಂತು. ಸಿಟ್ರೇಟ್ ಹಾಕಿದ ಬಾಟಲಿಗೆ 600 ಎಂಎಲ್. ಅಷ್ಟು ದೊಡ್ಡ ದನಕ್ಕೆ ಅದು ಲೆಕ್ಕವೇ ಅಲ್ಲ ಅಂದರು. ಅವಳು ಹಿಂಡಿ ತಿನ್ನುತ್ತಲೇ ಇದ್ದಳು. ಬಾಟಲಿ ನೇತು ಹಾಕಲು ಸ್ಟ್ಯಾಂಡ್ ಇಲ್ಲ. ಹಟ್ಟಿಯ ಪಕ್ಕಾಸಿಗೆ ಸೀರೆ ಫಾಲಿನ ಪಟ್ಟಿ ಕಟ್ಟಿ ತೂಗು ಹಾಕಿದೆ. ಮೊದಲು ಹತ್ತು ನಿಮಿಷ ತೊಟ್ಟು ತೊಟ್ಟಾಗಿ ಬಿಟ್ಟು ಕರುವಿನ ಮುಖ ನೋಡುತ್ತಾ ನಿಂತರು. ನಡುಗಿದರೆ, ಕೆಮ್ಮಿದರೆ ನಿಲ್ಲಿಸಬೇಕು ಅಂತ. ಏನೂ ಆಗಲಿಲ್ಲ. ಆಮೇಲೆ ಸ್ವಲ್ಪ ಜೋರು ಮಾಡಿದರು. ಒಂದೂವರೆ ಗಂಟೆ. ಕೊನೆಗೆ ಗ್ಲೂಕೋಸ್ ಬಾಟಲಿ ಒಂದು.

ರಾತ್ರಿ ಎಂಟಕ್ಕೆ ಬೊಳ್ಳಿ ಕಿವಿ ಎತ್ತಿತು. ಹತ್ತಕ್ಕೆ ಹಾಲಿನ ಬಾಟಲಿಯ ಮೊಲೆ ಎಳೆದ ರಭಸಕ್ಕೆ ನನ್ನ ಕೈಯಿಂದ ಬಾಟಲಿಯೇ ಜಾರಿತು. ಇವತ್ತು ಬೆಳಿಗ್ಗೆ ಎದೆಬಡಿತ 104. ನಿಂತಿದೆ. ಕಾಲು ನಡುಗುತ್ತದೆ, ಆದರೆ ಅದೇ ಎದ್ದು ನಿಂತದ್ದು.

ಡಾಕ್ಟ್ರೇ, ಒಂದು ಪ್ರಶ್ನೆ ಉಳಿಯಿತು. ಕರು ಕಾಡಿಗೆ ಹೋದದ್ದೇ ಇಲ್ಲ, ಹಟ್ಟಿ ಬಿಟ್ಟು ಅಂಗಳ ದಾಟಿಲ್ಲ. ಗಂಗೆಯ ರಕ್ತದಲ್ಲೂ ಇಲ್ಲ. ಮತ್ತೆ ಉಣುಗಿಗೆ ಈ ಹುಳ ಎಲ್ಲಿಂದ ಸಿಕ್ಕಿತು? ಇದು ಮನುಷ್ಯರಿಗೆ ಬರುತ್ತದಾ? ಮಂಗನ ಕಾಯಿಲೆ ಕೂಡ ಉಣುಗಿನಿಂದಲೇ ಅಲ್ವಾ, ಮಗಳು ಹೆದರಿದ್ದಾಳೆ.

---

ರಿಟೈರ್ಡ್ ದನದ ಡಾಕ್ಟರ್, ಮಂಗಳೂರು

ಓದಿ ಸಂತೋಷ ಆಯಿತು. ನಿಮ್ಮ ಡಾಕ್ಟರು ಗಟ್ಟಿಗರು.

ಮಗಳಿಗೆ ಹೇಳಿ, ದನದ ಥೈಲೇರಿಯಾ ಮನುಷ್ಯರಿಗೆ ಬರುವುದಿಲ್ಲ. ಮಂಗನ ಕಾಯಿಲೆ ವೈರಸ್ಸು, ಅದೇ ಬೇರೆ. ಆದರೆ ಕಾಡಿಗೆ ಸೊಪ್ಪಿಗೆ ಹೋದವರು ಮೈ ನೋಡಿಕೊಳ್ಳುವುದು ಒಳ್ಳೆಯದೇ.

ಹುಳ ಎಲ್ಲಿಂದ ಬಂತು ಅಂದರೆ: ಥೈಲೇರಿಯಾ ತಾಯಿ ಉಣುಗಿನಿಂದ ಮೊಟ್ಟೆಗೆ ಹೋಗುವುದಿಲ್ಲ. ಮರಿಯಾಗಿದ್ದಾಗ ಒಂದು ದನದಲ್ಲಿ ಹೀರಿದ ಉಣುಗು, ಉದುರಿ, ಪೊರೆ ಬಿಟ್ಟು ದೊಡ್ಡದಾಗಿ, ಇನ್ನೊಂದು ದನಕ್ಕೆ ಹತ್ತಬೇಕು. ಆಗಲೇ ದಾಟುವುದು. ಹಾಗಾದರೆ ನಿಮ್ಮ ಹಟ್ಟಿಯಲ್ಲೇ ಯಾರೋ ಹುಳ ಹೊತ್ತುಕೊಂಡು ಆರಾಮ ಇದ್ದಾರೆ. ಒಮ್ಮೆ ಈ ರೋಗ ಬಂದು ಗುಣವಾದ ದನ ವರ್ಷಗಟ್ಟಲೆ ಹಾಗೆ ಇರುತ್ತದೆ, ನೋಡಲಿಕ್ಕೆ ಏನೂ ಗೊತ್ತಾಗುವುದಿಲ್ಲ. ಆ ಮುದಿ ಜರ್ಸಿಯನ್ನು ಎಲ್ಲಿಂದ ತಂದದ್ದು?

ಇನ್ನು ನಿಮ್ಮ ಹಟ್ಟಿಯ ಗೋಡೆ. ತೂತು ತೂತಿನ ಮುರಕಲ್ಲಾ? ಗಾರೆ ಮಾಡಿದ್ದೀರಾ?

---

ಹೊಲಿಗೆ ಅಕ್ಕ, ಪೆರ್ಡೂರು

ಮುರಕಲ್ಲೇ. ಗಾರೆ ಇಲ್ಲ.

ನಿಮ್ಮ ಮಾತು ಓದಿ ಟಾರ್ಚ್ ಹಿಡಿದು ಹೋದೆ. ಕಲ್ಲಿನ ಒಂದು ತೂತಿಗೆ ಹೊಲಿಗೆ ಸೂಜಿ ಹಾಕಿ ಕೆದಕಿದೆ. ಬೀಜದ ಹಾಗೆ ಒಂದು ಉಣುಗು ಬಿತ್ತು. ಆಮೇಲೆ ಮೂರು. ಆಮೇಲೆ ಎಣಿಸಲಿಲ್ಲ, ಮೈಯೆಲ್ಲ ತುರಿಸಲು ಶುರುವಾಯಿತು. ಇಷ್ಟು ವರ್ಷ ನಾನು ದನದ ಮೈಯನ್ನೇ ತಿಕ್ಕುತ್ತಿದ್ದೆ, ಗೋಡೆ ನೋಡಿದ್ದೇ ಇಲ್ಲ.

ಜರ್ಸಿಯನ್ನು ಘಟ್ಟದ ಮೇಲಿನಿಂದ ತಂದದ್ದು, ಆರು ವರ್ಷ ಆಯಿತು.

---

ಕಿನ್ನಿಗೋಳಿಯವ

ಅಕ್ಕ, ನಾನು ಗೋಡೆಗೆ ಆಳೆತ್ತರದವರೆಗೆ ಸಿಮೆಂಟ್ ಗಾರೆ ಮಾಡಿಸಿದೆ, ಮೇಲಕ್ಕೆ ಸುಣ್ಣ. ಅದಕ್ಕಿಂತ ಮೊದಲು ದನಗಳನ್ನು ಹೊರಗೆ ಕಟ್ಟಿ ತೂತು ತೂತಿಗೆ ಉಣುಗಿನ ಔಷಧಿ ಹೊಡೆಸಿದೆ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಒಂದು ಸಲ ಹೊಡೆದು ಬಿಟ್ಟರೆ ಮೊಟ್ಟೆಯಿಂದ ಹೊಸದು ಬರುತ್ತದೆ. ಹಟ್ಟಿಗೆ ಹಾಸುವ ಸೊಪ್ಪನ್ನು ಎರಡು ದಿನ ಬಿಸಿಲಿಗೆ ಹರಡಿಯೇ ಒಳಗೆ ತರುವುದು. ಎರಡು ಊರ ಕೋಳಿ ಬಿಟ್ಟಿದ್ದೇನೆ, ಒಳ್ಳೆ ಕೆಲಸ ಮಾಡುತ್ತವೆ. ಔಷಧಿ ಹೊಡೆದ ವಾರ ಮಾತ್ರ ಅವನ್ನು ಗೂಡಿನಲ್ಲೇ ಇಡಿ.

ಲಸಿಕೆಯೂ ಉಂಟು, ರಕ್ಷಾವ್ಯಾಕ್-ಟಿ ಅಂತ. ದ್ರವ ಸಾರಜನಕದ ಜಾಡಿಯಲ್ಲಿ ಇಡಬೇಕಾದದ್ದು, ಎಲ್ಲ ಕಡೆ ಸಿಗುವುದಿಲ್ಲ. ನಾವು ಏಳೆಂಟು ಮನೆಯವರು ಒಟ್ಟಾಗಿ ಡಾಕ್ಟರಿಗೆ ಹೇಳಿ ತರಿಸಿಕೊಂಡೆವು.

---

ಹೊಲಿಗೆ ಅಕ್ಕ, ಪೆರ್ಡೂರು

ಮೂರು ವಾರ ಆಯಿತು. ಕೇಳಿದವರಿಗೆ ಹೇಳಿಬಿಡುತ್ತೇನೆ.

ಎರಡನೇ ಚೀಟಿ ಬಂತು. ಪಿಸಿವಿ 23, ಹಿಮೋಗ್ಲೋಬಿನ್ 7.4, ಆಲ್ಬುಮಿನ್ 2.7. ಗ್ಲೂಕೋಸ್ 71, ಬೂದು ಮುಚ್ಚಳದಲ್ಲಿ, ಐಸ್ ಪ್ಯಾಕಿಗೆ ರವಿಕೆ ಬಟ್ಟೆ ಸುತ್ತಿ ಕಳಿಸಿದ್ದು. ಎಎಸ್‌ಟಿ 118. ಮಾಣಿಗೆ ಸಮಾಧಾನ ಆಯಿತು ಅಂದುಕೊಳ್ಳುತ್ತೇನೆ.

ರೆಪ್ಪೆಯ ಬಣ್ಣ ಕ್ರೀಮ್ ರೀಲಿನಿಂದ ಹೊರಟು, ಹತ್ತನೇ ದಿನಕ್ಕೆ ಪೀಚ್, ಈಗ ಬೇಬಿ ಪಿಂಕ್. ಗಂಗೆಯ ಗುಲಾಬಿಗೆ ಇನ್ನೂ ಎರಡು ರೀಲು ದೂರ ಉಂಟು. ದಿನಾ ಬೆಳಿಗ್ಗೆ ಎಂಟಕ್ಕೆ ನೋಡಿ, ಆ ಬಣ್ಣದ ನೂಲಿನ ತುಂಡು ಕ್ಯಾಲೆಂಡರಿಗೆ ಅಂಟಿಸಿದ್ದೇನೆ. ಡಾಕ್ಟರು ಬಂದಾಗ ಅದರ ಫೋಟೋ ತೆಗೆದುಕೊಂಡು ಹೋದರು.

ಗೋಡೆಗೆ ಮೇಸ್ತ್ರಿ ಬರುವುದು ಸೋಮವಾರ. ಅದಕ್ಕಿಂತ ಮೊದಲು ಎರಡು ಸಲ ಔಷಧಿ ಹೊಡೆಸಿ ಆಯಿತು.

---

ರಿಟೈರ್ಡ್ ದನದ ಡಾಕ್ಟರ್, ಮಂಗಳೂರು

ಹಾಲು ಒಮ್ಮೆಗೇ ಕಡಿಮೆ ಮಾಡಬೇಡಿ, ಇನ್ನೊಂದು ತಿಂಗಳು ಹೀಗೇ ಇರಲಿ. ಆ ಜರ್ಸಿಯ ರಕ್ತ ನೋಡಿಸಿದಿರಾ?

---

ಹೊಲಿಗೆ ಅಕ್ಕ, ಪೆರ್ಡೂರು

ನಾಳೆ ತೆಗೆಯುತ್ತೇನೆ ಅಂದಿದ್ದಾರೆ. ಹಿಡಿದುಕೊಳ್ಳುವುದು ಯಾರು ಅಂತ ಇನ್ನೂ ತೀರ್ಮಾನ ಆಗಿಲ್ಲ, ಅದು ಒದೆಯುತ್ತದೆ.